ನೇಯುವವರು ನಿಲ್ಲುವ ಜಾಗ

ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಅನ್ನುತ್ತಾರೆ. ನನಗೆ ಆ ರೋಗ ಹತ್ತಿದ್ದು ಕೊರೊನಾ ಕಾಲದಲ್ಲಿ, ನೆದರ್‌ಲ್ಯಾಂಡ್ಸ್‌ನ ಟಿಲ್‌ಬರ್ಗ್‌ನಲ್ಲಿ, ನನ್ನ ಜೊತೆ ಒಂದೇ ಅಡುಗೆಮನೆ ಹಂಚಿಕೊಂಡಿದ್ದ ಗೆಳತಿಯ ಮೇಲೆ. ಅವಳು ಬೆಂಗಳೂರಿನವಳು, ನನ್ನ ಹಾಗೆಯೇ ಸಂಶೋಧನೆಗೆಂದು ಬಂದವಳು. ಅವಳು ತಟ್ಟಿದ ಜೋಳದ ರೊಟ್ಟಿ ನನ್ನದಕ್ಕಿಂತ ಚೆನ್ನಾಗಿ ಉಬ್ಬುತ್ತಿತ್ತು, ಅದೂ ನಾನೇ ಕಲಿಸಿದ ಮೇಲೆ. ಅದನ್ನು ಹೇಗೋ ನುಂಗಿಕೊಂಡಿದ್ದೆ.

ನಮ್ಮಪ್ಪ ಬನಹಟ್ಟಿ ಕಡೆಯ ನೇಕಾರ. ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಕರೆಂಟಿನ ಮಗ್ಗ, ನಿಂತೇ ನೇಯುವಂಥವು. ಲಾಕ್‌ಡೌನ್ ಬಂದು ಸೀರೆ ಕೇಳುವವರಿಲ್ಲದೆ ನಾಲ್ಕೂ ನಿಂತುಹೋಗಿದ್ದವು. ಅಪ್ಪನ ಮಾತೂ ನಿಂತುಹೋಗಿತ್ತು. ಫೋನ್ ಮಾಡಿದರೆ ಹೂಂ ಅನ್ನುವುದು, ಅಮ್ಮನ ಕೈಗೆ ಕೊಡುವುದು. ಮೊದಲಿಂದಲೂ ಹೊಗಳುವ ಜೀವ ಅಲ್ಲ ಬಿಡಿ. ನನಗೆ ಪಿಎಚ್‌ಡಿ ಸೀಟು ಸಿಕ್ಕಿದ ದಿನ ಕೇಳಿದ್ದು ಒಂದೇ ಮಾತು: "ಊಟಕ್ಕ ಹೆಂಗ ಅಲ್ಲಿ?" ನಾನು ಬರೆಯುವುದನ್ನು ಅವರು ಓದಲಾರರು. ಅವರಿಗೆ ಗೊತ್ತಿರುವುದು ಮಗ್ಗ. ಹಾಗಾಗಿ ಟಿಲ್‌ಬರ್ಗ್‌ನ ಅಂಚಿನಲ್ಲಿ ಪಾಳುಬಿದ್ದ ಉಣ್ಣೆ ಗಿರಣಿಯಲ್ಲಿ ಹಳೆಯ ಮಗ್ಗವೊಂದು ಇನ್ನೂ ಉಳಿದಿದೆ ಎಂದು ಕೇಳಿದ ಕೂಡಲೇ ತಲೆಯಲ್ಲಿ ಹುಳ ಹೊಕ್ಕಿತು. ಅದರ ಫೋಟೋ ತೆಗೆದು ಕಳಿಸಬೇಕು, ಅಪ್ಪನ ಬಾಯಿಂದ ಜೀವಮಾನದಲ್ಲಿ ಒಂದು ಸಲ "ಚಲೋ ಬಂದೈತಿ" ಅನ್ನಿಸಬೇಕು. ಅಷ್ಟೇ ನನಗೆ ಬೇಕಿದ್ದದ್ದು.

ಗಿರಣಿಯ ಬೀಗದಕೈ ಅದರ ಪಕ್ಕದ ಮನೆಯ ಡಚ್ ಅಜ್ಜನೊಬ್ಬನ ಹತ್ತಿರ ಇತ್ತು. ಅವನಿಗೆ ನನ್ನ ಹರಕು ಡಚ್ಚಿನಲ್ಲಿ ಮೂರು ಸಲ ಪತ್ರ ಬರೆದ ಮೇಲೆ ಒಪ್ಪಿದ. ಇಬ್ಬರಿಗಿಂತ ಹೆಚ್ಚು ಬೇಡ, ಏನನ್ನೂ ಮುಟ್ಟಬೇಡಿ ಎಂದು ಒಂದೂವರೆ ಮೀಟರ್ ದೂರದಿಂದಲೇ ಕೂಗಿ ಹೇಳಿ, ಬೀಗದಕೈಯನ್ನು ಮೆಟ್ಟಿಲ ಮೇಲಿಟ್ಟು ಒಳಗೆ ಹೋದ. ಒಬ್ಬಳೇ ಹೋಗುವ ಧೈರ್ಯವಿಲ್ಲದೆ ಗೆಳತಿಯನ್ನು ಕರೆದುಕೊಂಡು ಬಂದಿದ್ದೆ. ನನ್ನ ಕೊರಳಲ್ಲಿ ಸೆಕೆಂಡ್ ಹ್ಯಾಂಡ್ ಆದರೂ ದೊಡ್ಡ ಕ್ಯಾಮೆರಾ, ಬೆನ್ನಿಗೆ ಸ್ಟ್ಯಾಂಡು. ಅವಳ ಜೇಬಿನಲ್ಲಿ ಬರೀ ಫೋನು.

ಒಳಗೆ ಕಾಲಿಟ್ಟಲ್ಲೆಲ್ಲ ಒಡೆದ ಗಾಜು, ಪಾರಿವಾಳದ ಹಿಕ್ಕೆ. ಮಾಸ್ಕಿನೊಳಗೂ ಹಳೇ ಎಣ್ಣೆಯ ವಾಸನೆ ಬರುತ್ತಿತ್ತು. ಮಗ್ಗಗಳನ್ನು ಕಿತ್ತುಕೊಂಡು ಹೋದ ಕಡೆ ನೆಲದಲ್ಲಿ ಬೋಲ್ಟಿನ ತೂತುಗಳು ಸಾಲಾಗಿ ಉಳಿದಿದ್ದವು. ತುದಿಯ ಗೋಡೆಯ ಬಳಿ ಒಂದೇ ಒಂದು ಮಗ್ಗ, ಅದರ ಮೇಲೆ ಅರ್ಧಕ್ಕೆ ನಿಂತ ಕಂಬಳಿ. ನುಸಿ ತಿಂದು ಜಾಳಾಗಿತ್ತು. ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತು ಬೂಟು ಬಿಚ್ಚತೊಡಗಿದೆ.

"ಏನೇ ಇದು, ಶೂ ಯಾಕೆ ಬಿಚ್ತಿದ್ದೀಯಾ? ಫುಲ್ ಗ್ಲಾಸ್ ಇದೆ ಕಣೇ," ಅಂದಳು ಗೆಳತಿ.

"ಮಗ್ಗದ ಹತ್ರ ಬೂಟ್ ಹಾಕ್ಕೊಂಡು ಹೋಗಬಾರದು."

"ಇದೇನು ನಿಮ್ಮನೆ ಮಗ್ಗಾನಾ?"

"ಯಾರ ಮನೀದರ ಆಗಲಿ, ಮಗ್ಗ ಮಗ್ಗನ," ಅಂದೆ. ಸಿಟ್ಟು ಬಂದರೆ ನನಗೆ ಊರಿನ ಮಾತೇ ಬರುವುದು.

ಇನ್ನೊಂದು ಕಟ್ಟಳೆಯೂ ನಮ್ಮ ಮನೆಯಲ್ಲಿತ್ತು. ನೇಯುವವರು ನಿಲ್ಲುವ ಜಾಗದಲ್ಲಿ ಬೇರೆಯವರು ನಿಲ್ಲಬಾರದು. ಸಣ್ಣವಳಿದ್ದಾಗ ಒಮ್ಮೆ ನಿಂತು ಅಪ್ಪನಿಂದ ಬೆನ್ನಿಗೆ ಗುದ್ದು ತಿಂದಿದ್ದೆ. ಹಾಗಾಗಿ ಬರೀ ಕಾಲುಚೀಲದಲ್ಲಿ ಗಾಜು ತಪ್ಪಿಸಿಕೊಂಡು ಮಗ್ಗದ ಮುಂದೆ, ಆಚೆ, ಈಚೆ, ಮೂರು ಮಾರು ದೂರದಲ್ಲಿ ಸ್ಟ್ಯಾಂಡು ಊರಿ, ನೂರಕ್ಕೂ ಮಿಕ್ಕಿ ಫೋಟೋ ತೆಗೆದೆ. ಚಳಿಗೆ ಪಾದ ಮರಗಟ್ಟಿದವು. ಬೂಟು ಹಾಕಿಕೊಳ್ಳಲು ಅದನ್ನು ಬಿಟ್ಟಲ್ಲಿಗೆ ಹೋಗಿ ತಿರುಗಿ ನೋಡಿದರೆ, ಅವಳು ಬೂಟುಗಾಲಲ್ಲೇ ಸರಿಯಾಗಿ ಆ ಜಾಗದಲ್ಲಿ ನಿಂತು, ಬಗ್ಗಿ, ಫೋನು ಹಿಡಿದಿದ್ದಾಳೆ. ಬೇಡ ಅನ್ನಲು ಬಾಯಿ ತೆರೆದವಳು ಬಗ್ಗಿ ಬೂಟಿನ ಲೇಸು ಕಟ್ಟತೊಡಗಿದೆ. ಮಗ್ಗದ ಗಂಧಗಾಳಿ ಇಲ್ಲದವಳು, ಪಾಪ, ಅಂದುಕೊಂಡೆ. ಆಗ ಹೊಟ್ಟೆಯೊಳಗೆ ತಂಪಾಗಿಯೇ ಇತ್ತು.

ಮನೆಗೆ ಬಂದು ನನ್ನವುಗಳಲ್ಲಿ ಒಳ್ಳೆಯವನ್ನು ಆರಿಸಿ ಅಪ್ಪನಿಗೆ ಕಳಿಸಿದೆ. ಹೋಗಲಿ ಪಾಪ ಎಂದು ಕೊನೆಯಲ್ಲಿ ಅವಳು ಫೋನಿನಲ್ಲಿ ತೆಗೆದಿದ್ದ ಮೂರನ್ನೂ ಸೇರಿಸಿದೆ. ಮರುದಿನ ಅಪ್ಪನೇ ಫೋನ್ ಮಾಡಿದರು. ತಾವಾಗಿ ಎಂದೂ ಮಾಡಿದವರಲ್ಲ.

"ಕಡೀಕ ಒಂದು ಐತಲ್ಲ, ಮ್ಯಾಲಿಂದ ಬಗ್ಗಿ ತಗದದ್ದು, ಅಂಚಿನ ಎಳಿ ಹರದದ್ದು ಕಾಣತೈತಿ," ಅಂದರು. "ನಿಂತು ನೇಯುವವಗಷ್ಟ ಅದು ಹಂಗ ಕಾಣತೈತಿ. ಉಳದವು ಬಿಡು, ದೇವರ ದರ್ಶನಕ್ಕ ಬಂದವರು ತಗದಂಗ ಅದಾವು. ಇದು ಮಾತ್ರ ಚಲೋ ಬಂದೈತಿ ನೋಡವಾ."

ಅದು ಅವಳದು. ನಾನು ಕಾಲು ಮರಗಟ್ಟಿಸಿಕೊಂಡು ಕಾದ ಮಾತು, ಬೂಟುಗಾಲಲ್ಲಿ ನಿಂತವಳ ಪಾಲಾಗಿತ್ತು. ಮೈಯೆಲ್ಲ ಉರಿಯಿತು.

"ಹೌದಪ್ಪಾ," ಅಂದೆ. "ಅದನ್ನ ನಾನ ತಗದೇನಿ."

"ಅಲ್ಲಿ ನಿಲ್ಲಬೇಕಾದ್ರ ಬೂಟು ಬಿಟ್ಟಿದ್ದಿಲ್ಲೋ?"

"ಬಿಟ್ಟಿದ್ದೆ." ಅಂದು ಆಡಿದ್ದರಲ್ಲಿ ಅದೊಂದೇ ನಿಜ.

ಅಪ್ಪ ಏನಂದ್ರು ಎಂದು ಸಂಜೆ ಗೆಳತಿ ಆಸೆಯಿಂದ ಕೇಳಿದಳು. ಏನೂ ಅನ್ನಲಿಲ್ಲ ಅಂದೆ. ಆಮೇಲೆ ವಾರಗಟ್ಟಲೆ ನಾನು ಮನುಷ್ಯಳಾಗಿರಲಿಲ್ಲ. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ, ಹಾಗೆ ಮೊದಲು ಲೆನ್ಸನ್ನು ಬೈದೆ, ಆಮೇಲೆ ಬೆಳಕನ್ನು, ಕೊನೆಗೆ ಗುದ್ದಿ ಕಲಿಸಿದ ಅಪ್ಪನನ್ನೇ. ಅವಳು ಕಿಟಕಿಯಾಚೆ ಏನಾದರೂ ನೋಡುತ್ತಾ ನಿಂತರೂ ನನಗೆ ಸಂಕಟ. ಅಲ್ಲಿ ನನಗೆ ಕಾಣದ್ದು ಏನು ಕಂಡಿತೋ ಎಂದು ಅವಳು ಹೋದ ಮೇಲೆ ಹೋಗಿ ನೋಡುತ್ತಿದ್ದೆ. ಮಂಜು ಹಿಡಿದ ಸೈಕಲ್‌ಗಳ ಹೊರತು ಏನೂ ಇರುತ್ತಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಅಪ್ಪ ವಿಡಿಯೋ ಕಾಲ್ ಮಾಡಿದರು. ಫೋನನ್ನು ಸಕ್ಕರೆ ಡಬ್ಬಿಗೆ ಆನಿಸಿಟ್ಟಿದ್ದೆ. ಒಲೆಯ ಮುಂದಿದ್ದ ಗೆಳತಿ ಬಗ್ಗಿ "ನಮಸ್ಕಾರ ಅಂಕಲ್, ಚೆನ್ನಾಗಿದ್ದೀರಾ?" ಅಂದಳು. ಅಪ್ಪನ ಮುಖ ಅರಳಿತ್ತು. ಒಂದು ಮಗ್ಗ ಮತ್ತೆ ಶುರುವಾಗಿತ್ತು, ಅದರ ಸದ್ದಿಗೆ ಅವರು ಗಂಟಲೇರಿಸಿ ಮಾತಾಡುತ್ತಿದ್ದರು. ಶೆಡ್ಡು ತೋರಿಸಲೆಂದು ಫೋನು ತಿರುಗಿಸಿದರು. ಗೋಡೆಯ ಮೇಲೆ, ಕಟ್ಟು ಹಾಕಿಸಿ, ಕಿಟಕಿಯಷ್ಟು ದೊಡ್ಡದಾಗಿ ಆ ಫೋಟೋ.

"ನೋಡವಾ, ನನ್ನ ಮಗಳು ತಗದದ್ದು. ಬಂದವರಿಗೆಲ್ಲಾ ತೋರಸ್ತೇನಿ," ಅಂದರು ಅವಳಿಗೆ.

ಗೆಳತಿ ಪರದೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಸಕ್ಕರೆ ಡಬ್ಬಿಯನ್ನು ನೋಡಿದೆ.

"ಹೌದು ಅಂಕಲ್," ಅಂದಳು. "ಅವತ್ತು ನಾನೂ ಜೊತೇಲೇ ಇದ್ದೆ. ತುಂಬಾ ಚೆನ್ನಾಗಿ ತೆಗ್ದಿದ್ದಾಳೆ."

ಹೇಳಿ ಒಲೆಯ ಕಡೆ ತಿರುಗಿದಳು. ಅಂದೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ನಾನು ಆ ಕ್ಷಣವೇ ಅವಳ ಕೈ ಹಿಡಿದು ತಪ್ಪಾಯಿತು ಅನ್ನಬೇಕಿತ್ತು. ಅನ್ನಲಿಲ್ಲ. ನನಗೆ ಆದದ್ದು ನಾಚಿಕೆಯೂ ಅಲ್ಲ, ಮತ್ತದೇ ಹೊಟ್ಟೆಯುರಿ. ಫೋಟೋ ಅವಳದು, ಈಗ ದೊಡ್ಡ ಮನಸ್ಸೂ ಅವಳದೇ ಆಯಿತು. ನನ್ನ ಪಾಲಿಗೆ ಉಳಿದದ್ದು ಅಪ್ಪನ ಹೊಗಳಿಕೆ, ಅದೂ ನನ್ನದಲ್ಲ.