ಕಂಪ್ಲಿಯಲ್ಲಿ ತಿರುಗಿದ ಕ್ಯಾಮೆರಾ

ದೆವ್ವ, ಮಾಟ, ಮೈಮೇಲೆ ಬರೋದು, ಇವೆಲ್ಲ ಕೆಲಸವಿಲ್ಲದವರ ಹರಟೆ ಅಂತ ಬಯ್ಯುತ್ತಿದ್ದವನು ನಾನು. ಈಗಲೂ ಅವನ್ನು ನಂಬೋದಿಲ್ಲ. ಆದರೆ ಒಂದು ಮಧ್ಯಾಹ್ನ ಕಂಪ್ಲಿಯಲ್ಲಿ, ಟೀವಿ ಮುಂದೆ, ಐದು ಜನರ ಜೊತೆ ಕೂತು ಕಂಡದ್ದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಇದನ್ನು ಹೇಳಿದರೆ ನನ್ನ ಮರ್ಯಾದೆಯೇನೂ ಹೆಚ್ಚೋದಿಲ್ಲ. ಯಾಕಂದರೆ ಶುರುವಿನ ತಪ್ಪು ನನ್ನದೇ.

ಆಗ ಹೊಸಪೇಟೆಯಲ್ಲಿ ನನ್ನದೊಂದು ವಿಡಿಯೋ ಅಂಗಡಿ. ಕಾಲುವೆ ನೀರಿನಲ್ಲಿ ಭತ್ತ, ಕಬ್ಬು ಬೆಳೆದವರ ಕೈಲಿ ದುಡ್ಡು ಓಡಾಡುತ್ತಿದ್ದ ಕಾಲ. ಮದುವೆ ಅಂದಮೇಲೆ ವಿಡಿಯೋ ಆಗಲೇಬೇಕು. ಎರಡು ವಿಸಿಆರ್ ಅಕ್ಕಪಕ್ಕ ಇಟ್ಟು, ಶೂಟ್ ಮಾಡಿದ ಅಸಲಿ ಕ್ಯಾಸೆಟ್ಟಿನಿಂದ ಬೇಕಾದ ತುಣುಕು ಮಾತ್ರ ಇನ್ನೊಂದಕ್ಕೆ ಇಳಿಸಿ, ಮೇಲೆ ಹಾಡು ಹಾಕಿ ಕೊಡುತ್ತಿದ್ದೆ. ಮಿಕ್ಸಿಂಗ್ ಅಂತಿದ್ದೆವು. ಆ ಕೆಲಸದಲ್ಲಿ ನನಗೆ ಭಾಳ ಸೊಕ್ಕು. ಎರಡು ಮುಖ ಒಂದರ ಹಿಂದೊಂದು ತೋರಿಸಿದರೆ ಸಾಕು, ನಡುವಿನ ಕಥೆಯನ್ನು ನೋಡೋರೇ ಕಟ್ಟಿಕೊಳ್ಳುತ್ತಾರೆ. ಅತ್ತೆಯ ಮುಖ ತೋರಿಸಿ ಹೋಳಿಗೆ ತಟ್ಟೆ ತೋರಿಸಿದರೆ ಆಕೆ ಆಸೆಬುರುಕಿ. ಅದೇ ಮುಖದ ಮುಂದೆ ಅಳುವ ಮದುಮಗಳನ್ನು ತೋರಿಸಿದರೆ ಕರುಣಾಮಯಿ. ಅತ್ತೆ ಪಾಪ ನಿದ್ದೆಗಣ್ಣಲ್ಲಿ ಕೂತಿರುತ್ತಿದ್ದಳು, ಅಷ್ಟೇ!

ಅಂಥದ್ದೊಂದು ಮದುವೆ ಸರೋಜಾಳದು, ಹೊಸಪೇಟೆಗೇ ಹತ್ತಿದ ಚಿತ್ತವಾಡ್ಗಿಯ ಹುಡುಗಿ. ತಂದೆ ಟಿ.ಬಿ. ಡ್ಯಾಂನಲ್ಲಿ ಫಿಟ್ಟರ್. ಗಂಡಿನ ಕಡೆಯವರು ಕಂಪ್ಲಿಯ ಗೌಡರು, ಗದ್ದೆ ಇದ್ದವರು. ಆ ಗಂಡು ಇಡೀ ಮದುವೆಯಲ್ಲಿ ಒಂದು ಸಲವೂ ಹಲ್ಲು ಬಿಡಲಿಲ್ಲ. ಸ್ವಲ್ಪ ನಗ್ರಿ, ನಗ್ರಿ ಅಂತ ಬೇಡಿಕೊಂಡೆ, ಊಹ್ಞೂಂ. ಸರೋಜಾ ಮಾತ್ರ ಮದುವೆ ಹಿಂದಿನ ಸಂಜೆ, ಅಕ್ಕನ ಮಗು ಬಾಯಿಗೆ ಪೇಡೆ ತುರುಕಿದಾಗ, ಪಕ್ಕಕ್ಕೆ ತಿರುಗಿ ಚಂದಾಗಿ ನಕ್ಕಿದ್ದಳು. ಮಿಕ್ಸಿಂಗಿಗೆ ಕೂತಾಗ ಆ ನಗುವಿನ ಮುಂದೆ ಗಂಡಸಿನದೊಂದು ನಗು ಬೇಕಾಯಿತು. ಹಾಡು ಹಾಗಿತ್ತು. ಮರುದಿನ ಊಟದ ಪಂಕ್ತಿಯಲ್ಲಿ ಸಾರು ಬಡಿಸುತ್ತಿದ್ದ ತರುಣನೊಬ್ಬ, ಅವಳ ತಂದೆಯ ಜೊತೆ ಕೆಲಸ ಮಾಡುವವನು, ಕ್ಯಾಮೆರಾ ನೋಡಿ ನಕ್ಕಿದ್ದ. ಅದನ್ನೇ ತಂದು ಕೂಡಿಸಿದೆ. ಇದು ಸರಿಯಲ್ಲ ಅಂತ ಆಗಲೇ ಗೊತ್ತಿತ್ತು ನೋಡ್ರಿ. ಚಂದ ಕಂಡಿತು, ಬಿಟ್ಟೆ.

ಆರು ತಿಂಗಳಿಗೆ ಸರೋಜಾಳ ತಂದೆ ಅಂಗಡಿಗೆ ಬಂದರು. ಕಂಪ್ಲಿಯಲ್ಲಿ ಮನೆಗೆ ಬಂದವರಿಗೆಲ್ಲ ಆ ಕ್ಯಾಸೆಟ್ ಹಾಕುತ್ತಿದ್ದರಂತೆ. ಯಾರೋ ಹೆಂಗಸು, ಆ ಹುಡುಗ ಯಾರು, ಇವಳು ಅವನ್ನ ನೋಡಿ ಹಂಗ್ಯಾಕ ನಗ್ತಾಳ ಅಂದಳಂತೆ. ಅಷ್ಟು ಸಾಕಾಯಿತು.

"ಮಗಳನ್ನ ಕರಕೊಂಡು ಹೋಗ್ರಿ ಅಂತ ಹೇಳಿ ಕಳಿಸ್ಯಾರ. ನೀವೇ ಬಂದು ಬಿಡಿಸಿ ಹೇಳ್ಬೇಕ್ರಿ," ಅಂದರು.

ಬರ್ತೀನ್ರಿ ಅಂದೆ. ಧೈರ್ಯವಿತ್ತು, ಅಸಲಿ ಕ್ಯಾಸೆಟ್ಟು ನನ್ನ ಹತ್ತಿರವೇ ಇತ್ತಲ್ಲ. ಅದರಲ್ಲಿ ಅವಳ ನಗು ಹಿಂದಿನ ಸಂಜೆಯದು, ಅವನ ನಗು ಮರುದಿನದ ಊಟದ್ದು. ನಡುವೆ ಅರಿಶಿನ, ತಾಳಿ, ಅಕ್ಷತೆ, ಇಡೀ ಮದುವೆಯೇ ಇತ್ತು. ಹೊರಡುವ ಮುಂಚೆ ಒಂದು ಸಲ ಹಾಕಿಯೂ ನೋಡಿಕೊಂಡೆ. ಸರಿಯಾಗಿಯೇ ಇತ್ತು.

ಕಂಪ್ಲಿಯಲ್ಲಿ ಮಟಮಟ ಮಧ್ಯಾಹ್ನ. ಪಡಸಾಲೆಯಲ್ಲಿ ಮಾವ ಗೌಡರು, ಅತ್ತೆ, ಗಂಡ, ಸರೋಜಾಳ ತಂದೆ. ಅವಳು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಮಿಕ್ಸಿಂಗ್ ಅಂದರೇನು ಅಂತ ವಿವರಿಸಿದೆ, ತಪ್ಪು ನನ್ನದು ಅಂತ ಕೈ ಮುಗಿದೆ, ಅಸಲಿ ಕ್ಯಾಸೆಟ್ ಹಾಕಿದೆ.

ಮಗು ಪೇಡೆ ತುರುಕಿತು. ಸರೋಜಾ ಪಕ್ಕಕ್ಕೆ ತಿರುಗಿ ನಕ್ಕಳು. ಆಮೇಲೆ ಕ್ಯಾಮೆರಾ ನಿಧಾನಕ್ಕೆ ಎಡಗಡೆ ತಿರುಗಿತು. ಕಟ್ ಇಲ್ಲ, ಹಾಡಿಲ್ಲ, ಮಂಟಪದ ಗದ್ದಲ ಹಾಗೇ ಕೇಳುತ್ತಿತ್ತು. ಒಂದು ಕಂಬ ದಾಟಿತು, ಎರಡು ಕುರ್ಚಿ ದಾಟಿತು, ಹೋಗಿ ಆ ತರುಣನ ಮುಖದ ಮೇಲೆ ನಿಂತಿತು. ಕೈಯಲ್ಲಿ ಸಾರಿನ ಬಕೆಟ್ಟು. ಅವಳ ಕಡೆಯೇ ನೋಡಿ ನಗುತ್ತಿದ್ದ.

ಹಿಂದಿನ ಸಂಜೆ ಅಲ್ಲಿಗೆ ಸಾರಿನ ಬಕೆಟ್ಟು ಹೇಗೆ ಬರುತ್ತದೆ? ನಾನು ಕ್ಯಾಮೆರಾವನ್ನು ಆ ಕಡೆ ತಿರುಗಿಸೇ ಇಲ್ಲ. ಹಾಗಂತ ಬಡಬಡಿಸಿದೆ. ಗೌಡರು ಕೂಗಾಡಿದ್ದರೆ ಚೆನ್ನಾಗಿತ್ತು.

"ಸಾಕು, ಬಂದ್ ಮಾಡ್ರಿ. ಮೊದಲಿಂದ್ರಾಗ ಹಾಡಾದ್ರೂ ಇತ್ತು," ಅಂದರು.

ಸಂಜೆ ಬಸ್ಸಿಗೆ ತಂದೆ, ಮಗಳು, ನಾನು, ಅವಳ ಟ್ರಂಕು. ತಂದೆ ಮುಂದಿನ ಸೀಟಿನಲ್ಲಿದ್ದರು. ಕಮಲಾಪುರ ದಾಟಿದ ಮೇಲೆ ಸರೋಜಾ ನನ್ನ ಕಡೆ ತಿರುಗಿದಳು.

"ಅಣ್ಣಾ, ನಾ ಅವನ್ನ ನೋಡಿ ನಕ್ಕಿದ್ನೇನ್ರಿ?"

ಚುಚ್ಚಲಿಕ್ಕೆ ಕೇಳಿದ್ದಲ್ಲ. ನಿಜಕ್ಕೂ ಗೊತ್ತಿಲ್ಲದೆ ಕೇಳಿದಳು. ಇಲ್ಲವ್ವಾ ಅನ್ನಲಿಕ್ಕೆ ನನಗೆ ಬಾಯಿ ಬರಲಿಲ್ಲ. ನಾನೂ ಕಣ್ಣಾರೆ ಕಂಡಿದ್ದೆನಲ್ಲ. ಥೂ, ನನ್ನ ಜನ್ಮಕ್ಕಿಷ್ಟು!

ಅಂಗಡಿಗೆ ಹೋದವನೇ ಕ್ಯಾಸೆಟ್ ಹಾಕಿದೆ. ಅವಳು ನಕ್ಕಳು, ಅಲ್ಲಿಗೆ ಶಾಟ್ ಮುಗಿಯಿತು, ಮುಂದೆ ಚಪ್ಪರದ ಸೀರಿಯಲ್ ಲೈಟು. ತರುಣ ಮರುದಿನದ ಊಟದಲ್ಲೇ ಇದ್ದ. ಹತ್ತು ಸಲ ನೋಡಿದೆ. ಟೇಪು ಎಲ್ಲಾದರೂ ಕತ್ತರಿಸಿ ಅಂಟಿಸಿದ ಗುರುತಿದೆಯಾ ಅಂತ ಹುಡುಕಿದೆ. ಬೇರೆ ಕ್ಯಾಸೆಟ್ ಒಯ್ದಿದ್ದೆ ಅನ್ನೋಣವೆಂದರೆ ಇದ್ದದ್ದೇ ಅದೊಂದು. ನನ್ನೊಬ್ಬನ ಭ್ರಮೆ ಅನ್ನೋಣವೆಂದರೆ ಗೌಡರೂ ನೋಡಿದರು, ಅವಳೂ ನೋಡಿದಳು. ಅವಳ ತಂದೆಯನ್ನು ಕೇಳಿದರೆ, "ನಾ ನೋಡ್ಲಿಲ್ರಿ, ತಲಿ ತಗ್ಗಿಸಿ ಕುಂತಿದ್ದೆ," ಅಂದುಬಿಟ್ಟರು.

ಮರುದಿನ ಚಿತ್ತವಾಡ್ಗಿಗೆ ಓಡಿದೆ. ಎರಡೂ ನಗು ಬ್ಯಾರೆ ಬ್ಯಾರೆ ಅದಾವವ್ವಾ, ಇವತ್ತೇ ಹೋಗಿ ಮತ್ತೆ ತೋರಿಸಿ ಬರ್ತೀನಿ ಅಂದೆ. ಸರೋಜಾ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಬ್ಯಾಡ್ರಿ ಅಣ್ಣಾ. ಅಲ್ಲಿ ಹ್ವಾದ ಮ್ಯಾಲ ಮತ್ತ ಕೂಡಿದ್ರ?"

ಅವಳೇ ಬ್ಯಾಡ ಅಂದಳು ಅಂತ ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಸುಳ್ಳು. ಹೆದರಿದವನು ನಾನು. ಕಂಪ್ಲಿಗೆ ಮತ್ತೆ ಹೋಗಲಿಲ್ಲ. ವರ್ಷದೊಳಗೆ ಆ ಗಂಡ ಇನ್ನೊಂದು ಮದುವೆಯಾದ. ಆ ತರುಣ ಜನರ ಬಾಯಿಗೆ ಅಂಜಿ ಸಂಡೂರಿನ ಗಣಿ ಕೆಲಸಕ್ಕೆ ಹೋದ. ಅವನಿಗೆ ಸರೋಜಾಳ ಹೆಸರೂ ಸರಿಯಾಗಿ ಗೊತ್ತಿರಲಿಲ್ಲ.

ಅವಳು ಈಗಲೂ ಚಿತ್ತವಾಡ್ಗಿಯಲ್ಲಿದ್ದಾಳೆ, ಹೆಂಗಸರ ಜಂಪರ್ ಹೊಲಿಯುತ್ತಾಳೆ. ದಾರಿಯಲ್ಲಿ ಸಿಕ್ಕರೆ ನಿಂತು ಮಾತಾಡಿಸುತ್ತಾಳೆ. ಒಂದು ದಿನವೂ ನನ್ನನ್ನು ಬಯ್ದಿಲ್ಲ. ಬಯ್ದಿದ್ದರೆ, ತಾನು ನಕ್ಕದ್ದು ಮಗುವನ್ನು ನೋಡಿಯೇ ಅಂತ ಅವಳಿಗಾದರೂ ಖಾತ್ರಿಯಿದೆ ಅಂತ ತಿಳಿದುಕೊಳ್ಳುತ್ತಿದ್ದೆ.