ಝನ್ಸ್ಕಾರ್‌ಗೆ ಮೊದಲು ಹೊಸಕೆರೆಹಳ್ಳಿ

ಹೊಸಕೆರೆಹಳ್ಳಿ ಕೆರೆಯ ದಂಡೆಯಲ್ಲಿ ಒದ್ದೆ ಜಡೆ ಒಣಗಿಸಿಕೊಳ್ಳುತ್ತಾ ಇದನ್ನು ಬರೆಯುತ್ತಿದ್ದೇನೆ. ಬರುವ ತಿಂಗಳು ನಮ್ಮ ಚಾರಣದ ಗುಂಪು ಲಡಾಖಿಗೆ ಹೊರಡುತ್ತದೆ. ಅಲ್ಲಿನ ಶೀತ ಮರುಭೂಮಿಯಲ್ಲಿ, ಬೋಳು ಬೆಟ್ಟಗಳ ನಡುವೆ ಹರಿಯುವ ಝನ್ಸ್ಕಾರ್ ನದಿಯ ಕಣಿವೆಯಲ್ಲಿ ನಡೆದು, ಆಮೇಲೆ ರಬ್ಬರ್ ದೋಣಿಯಲ್ಲಿ ಸಾಗಬೇಕು. ನನಗೆ ಈಜು ಬರುವುದಿಲ್ಲ. ಹಾಗಾಗಿ ಅಮ್ಮ ಒಪ್ಪಿರಲಿಲ್ಲ. "ನೀರಿಗೆ ಬಿದ್ರೆ ಏನ್ಮಾಡ್ತೀಯ, ನಾನೇ ನೋಡ್ಬೇಕು" ಎಂದು ಇವತ್ತಿನ ತಾಲೀಮಿಗೆ ಜಯನಗರದಿಂದ ನನ್ನ ಲೂನಾ ಹಿಂದೆ ಕೂತು ಬಂದಿದ್ದಳು.

ಗುಂಪಿನ ನಾಯಕ ಮೂರ್ತಿ ನನಗೆ ಲೈಫ್ ಜಾಕೆಟ್ ಬಿಗಿದು, "ಕೈಕಾಲು ಬಡೀಬೇಡಿ ಮೇಡಂ, ಸುಮ್ನೆ ಮಲಗಿ" ಎಂದು ತೆಪ್ಪದಿಂದ ನೀರಿಗಿಳಿಸಿದರು. ಒಂದು ಕ್ಷಣ ಕಿವಿಯ ತುಂಬ ನೀರು. ಮರುಕ್ಷಣವೇ ಆಕಾಶ ಕಂಡಿತು. ಯಾರೋ ಕಂಕುಳಿಗೆ ಕೈಕೊಟ್ಟು ಎತ್ತಿದ ಹಾಗೆ ಜಾಕೆಟ್ ನನ್ನನ್ನು ಮೇಲೆ ತಂದಿತ್ತು. ನಾನು ತೇಲುತ್ತಿದ್ದೆ! ನಗು ತಡೆಯಲಾಗಲಿಲ್ಲ.

ದಂಡೆಗೆ ಬಂದಾಗ ಅಮ್ಮನ ಮುಖ ನೋಡಲು ಅಂಜಿಕೆಯಾಯಿತು. ಅವಳು ನನ್ನ ತಲೆ ಒರೆಸುತ್ತಾ ಮೂರ್ತಿಯವರನ್ನು ಕೇಳಿದಳು: "ಅಲ್ಲಿ ನೀರು ಇನ್ನೂ ತಣ್ಣಗಿರತ್ತೇನ್ರಿ?"

"ಹಿಮ ಕರಗಿದ್ ನೀರು, ಅಮ್ಮ."

ಅವಳು ಒದ್ದೆ ಟವೆಲ್ ಹಿಂಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಹಾಗಾದ್ರೆ ನಿಮ್ಮಪ್ಪನ ದಪ್ಪ ಸ್ವೆಟರ್ ತಗೊಂಡ್ಹೋಗು" ಎಂದಳು.