ಮುತ್ಯಾ ತೊಟ್ಟ ಪರದೇಶದ ಕೋಟು

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ ಆಗಿ ಒಂದೆರಡು ಬೇಸಿಗೆ ಕಳೆದಿದ್ದವು. ಬೀದರಿನ ಮಿಷನ್ ಶಾಲೆಯಲ್ಲಿ ನಾನು ಆಗಷ್ಟೇ ಟೀಚರಾಗಿ ಸೇರಿದ್ದೆ. ಆ ವರ್ಷ ಮಳೆಗೆ ಮುಂಚೆ ಎದ್ದ ಬಿರುಗಾಳಿ ಔರಾದ ಕಡೆಯ ಹಳ್ಳಿಗಳನ್ನು ಬುಡಮೇಲು ಮಾಡಿತು. ಡಾಬಕಾದಲ್ಲಿ ಛಪ್ಪರಗಳು ಹಾರಿ, ಕುರಿಹಟ್ಟಿಗಳು ಬಿದ್ದು, ಜನ ಬೇವಿನ ಮರದ ಕೆಳಗೆ ಒಲೆ ಹೂಡಿದ್ದಾರೆಂದು ಸುದ್ದಿ ಬಂತು. ನಮ್ಮ ಪಾದ್ರಿಗಳು ಯಾವುದೋ ದೇಶದಿಂದ ಬಂದಿದ್ದ ದಾನದ ಬಟ್ಟೆಯ ದೊಡ್ಡ ಗಂಟು ತೋರಿಸಿ, "ಇದನ್ನ ಮುಟ್ಟಿಸಿ ಬರ್ರಿ" ಎಂದರು. ಒಳಗೇನಿದೆಯೆಂದು ಅವರೂ ನೋಡಿರಲಿಲ್ಲ, ನಾನೂ ಕೇಳಲಿಲ್ಲ. ಗಂಜ್ ಮಾರುಕಟ್ಟೆಯಿಂದ ಹೊರಟ ಲಾರಿಯಲ್ಲಿ ಔರಾದವರೆಗೆ, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಗಂಟಿನ ಮೇಲೇ ಕೂತು ಹೋದೆ. ದಾರಿಯುದ್ದಕ್ಕೂ ಧೈರ್ಯ ತುಂಬುವ ಭಾಷಣವೊಂದನ್ನು ಬಾಯಿಪಾಠ ಮಾಡಿದೆ.

ಭಾಷಣಕ್ಕೆ ಅವಕಾಶವೇ ಸಿಗಲಿಲ್ಲ. ಊರವರಿಗೆ ಬೇಕಾದದ್ದು ಧೋತರ, ಸೀರೆ, ಕಂಬಳಿ. ಗಂಟಿನಿಂದ ಹೊರಬಿದ್ದದ್ದು ಮೊಣಕಾಲುದ್ದದ ರೇಷ್ಮೆ ಫ್ರಾಕುಗಳು, ಹಕ್ಕಿಪುಕ್ಕ ಸಿಕ್ಕಿಸಿದ ಟೊಪ್ಪಿಗೆಗಳು, ಬರೀ ಎಡಗೈಯ ಗವಸುಗಳು. ಒಬ್ಬಾಕೆ ಫ್ರಾಕು ಎತ್ತಿ ಹಿಡಿದು, "ಬಾಯಿ, ಇದು ಯಾರ ಕೂಸಿಂದ್ರಿ?" ಎಂದು ಕೇಳಿದಳು. ಟೀಚರಮ್ಮನಾದ ನನ್ನನ್ನು ಅಲ್ಲಿ ಎಲ್ಲರೂ ಬಾಯಿ ಎಂದೇ ಕರೆಯುತ್ತಿದ್ದರು.

"ಕೂಸಿಂದಲ್ರಿ, ಅಲ್ಲಿ ದೊಡ್ಡ ಹೆಣ್ಮಕ್ಕಳು ಹಾಕೋತಾರ."

"ಅಯ್ಯ ಪಾಪ! ಅವರ ಊರಾಗೂ ಗಾಳಿ ಬಿಟ್ಟದೇನ್ರಿ? ಅರ್ಧಾ ಅರಿವಿ ಹಾರಿ ಹೋಗ್ಯಾದ."

ಗುಂಪಿನಲ್ಲಿ ಕುರಿ ಕಾಯುವ ಅಜ್ಜ ಒಬ್ಬರಿದ್ದರು, ಊರವರ ಬಾಯಲ್ಲಿ ಮುತ್ಯಾ. ಗಾಳಿ ಅವರ ಕಂಬಳಿಯನ್ನೂ ಒಯ್ದಿತ್ತು. ಹಟ್ಟಿಯ ಗೋಡೆ ಬಿದ್ದು ಮೂರು ಮರಿ ಸತ್ತಿದ್ದವು. ಅಂದಿನಿಂದ ಅವರ ಹೆಂಡತಿ ಯಾರೊಡನೆಯೂ ಸರಿಯಾಗಿ ಮಾತಾಡಿರಲಿಲ್ಲವಂತೆ. ಮುತ್ಯಾ ಗಂಟಿನ ತಳದಿಂದ ಮೈತುಂಬ ಕಂದು ತುಪ್ಪಟವಿದ್ದ ಹೆಂಗಸರ ಕೋಟೊಂದನ್ನು ಎಳೆದು ತೆಗೆದರು. "ಕಂಬಳಿಗಿ ತೋಳು ಹಚ್ಯಾರ! ಶಾಣ್ಯಾ ಮಂದಿ" ಎಂದು ಆ ಸೆಕೆಯಲ್ಲೇ ತೊಟ್ಟು, ಕೊರಳ ತನಕ ಕೊಕ್ಕೆ ಹಾಕಿಸಿಕೊಂಡು ಕುರಿಗಳ ಕಡೆ ನಡೆದರು.

ಕುರಿಗಳು ಒಮ್ಮೆ ತಲೆಯೆತ್ತಿ ನೋಡಿದವು. ಮರುಕ್ಷಣ ಇಡೀ ಹಿಂಡು ಹಳ್ಳದ ಕಡೆ ಓಟ ಕಿತ್ತಿತು. "ನಾನೇ ಅದೀನಿ, ನಿಂದರ್ರಿ!" ಎಂದು ಮುತ್ಯಾ ಬೆನ್ನಟ್ಟಿದಷ್ಟೂ ಅವು ಜೋರಾಗಿ ಓಡಿದವು. ಅಷ್ಟರಲ್ಲಿ ಅವರದೇ ನಾಯಿ ಅವರ ಮೇಲೆ ನುಗ್ಗಿತು. ಮುತ್ಯಾ ಪಕ್ಕದ ಮುರುಕು ಗೋಡೆ ಹತ್ತಿ ನಿಂತರು.

ಹೆಂಡತಿ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದರು.

"ನಾಯಿದೇನು ತಪ್ಪದ? ನನಗೇ ಗುರ್ತು ಸಿಗವಲ್ದು."

"ಮೊದಲು ನಾಯಿ ಹಿಡಿ. ಗುರ್ತು ಆಮ್ಯಾಲ ಹಿಡೀವಂತಿ!"

ಜವಾಬ್ದಾರಿ ನನ್ನದೆಂದು ನಾನೇ ಗೋಡೆ ಹತ್ತಿದೆ. ಕೊಕ್ಕೆಗಳು ಬಿಚ್ಚಲೊಲ್ಲವು. ಕೊನೆಗೆ ಕೋಟು ಕೆಳಗೆ ಬಿದ್ದದ್ದೇ ತಡ, ನಾಯಿ ಅದನ್ನು ಕಚ್ಚಿ ಕೊಡವಿ ಹಾಕಿ, ಯಜಮಾನನನ್ನು ಕಾಪಾಡಿದ ಹೆಮ್ಮೆಯಿಂದ ಬಾಲ ಅಲ್ಲಾಡಿಸಿತು. ಮುತ್ಯಾನ ಹೆಂಡತಿ ನೆಲಕ್ಕೆ ಕುಸಿದು, ಸೆರಗು ಬಾಯಿಗಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಯಾರ ಛಪ್ಪರ ಮೊದಲು ಹೊದಿಸುವುದು ಎಂದು ಆ ಬೆಳಿಗ್ಗೆಯೇ ಜಗಳವಾಡಿದ್ದ ಎರಡು ಓಣಿಯವರು ಒಟ್ಟಿಗೆ ಕುರಿ ಹುಡುಕಲು ಹೋದರು. ಸಂಜೆಗೆ ಎಲ್ಲವೂ ಸಿಕ್ಕವು. ಹಟ್ಟಿಯಿಲ್ಲದೆ ಅವನ್ನು ಕೂಡಿಹಾಕುವುದೆಲ್ಲಿ? ಮರುದಿನ ಎಲ್ಲರೂ ಸೇರಿ ಮೊದಲು ಮುತ್ಯಾನ ಹಟ್ಟಿಯನ್ನೇ ಕಟ್ಟಿದರು. ಅಲ್ಲಿಂದ ಮುಂದೆ ಸಾಲಾಗಿ ಒಂದೊಂದೇ ಮನೆ ಕಟ್ಟತೊಡಗಿದರು.

ನಾನು ನಾಲ್ಕು ದಿನ ಉಳಿದೆ. ಹೆಂಗಸರು ಫ್ರಾಕುಗಳನ್ನು ಕತ್ತರಿಸಿ ಹೊದೆಯಲು ಕೌದಿ ಹೊಲಿಯತೊಡಗಿದ್ದರು. ನನಗೂ ಒಂದು ಸೂಜಿ ಕೊಟ್ಟರು. ಮಧ್ಯಾಹ್ನದ ತನಕ ಶ್ರದ್ಧೆಯಿಂದ ಹೊಲಿದೆ. ಮುತ್ಯಾನ ಹೆಂಡತಿ ಅದನ್ನು ಬೆಳಕಿಗೆ ಹಿಡಿದು ನೋಡಿ, ಅಷ್ಟೂ ಬಿಚ್ಚಿದರು. ಆಮೇಲೆ, "ನೀವು ಕೂಸುಗಳಿಗಿ ಅಕ್ಷರ, ಬಾರಾಖಡಿ ಹೇಳಿ ಕೊಡ್ರಿ ಬಾಯಿ" ಎಂದರು.